ಪದಚರ್ಚೆ: ಲಾಸ್ ಏಂಜಲೀಸಿನ ವಾಯುಮಾಲಿನ್ಯಕ್ಕೆ ‘ಹೊಗೆಮಂಜು’ ಸಲ್ಲುತ್ತದೆಯೇ?

ಮಾನ್ಯರೇ,

ಲಾಸ್ ಏಂಜಲೀಸಿನ ವಾಯುಮಾಲಿನ್ಯದ ಮೂಲವನ್ನು ಕಂಡುಹಿಡಿದ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಅವರ ಸಂಶೋಧನೆಯನ್ನು ಕುರಿತ ಫಲಕ ನಾಳೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ಇಂಗ್ಲಿಷಿನ ‘ಸ್ಮಾಗ್’ಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಬಗ್ಗೆ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿಗೆ ‘ಹೊಗೆಮಂಜು’ ಸರಿ. ಲಾಸ್ ಏಂಜಲೀಸಿಗೆ ‘ಬಿಸಿಲುಮಬ್ಬು’ ಎಂದು ಬರೆಯಿರಿ.

1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದದ್ದು ಕಲ್ಲಿದ್ದಲಿನ ಹೊಗೆಯೂ ಚಳಿಗಾಲದ ದಟ್ಟ ಮಂಜೂ ಬೆರೆತ ಗಾಳಿ. ಲಾಸ್ ಏಂಜಲೀಸಿನಲ್ಲಿ ಕಣ್ಣುರಿ ತರುತ್ತಿದ್ದ ಗಾಳಿಯಾದರೋ ಬಿಸಿಲು ಚೆನ್ನಾಗಿ ಕಾದ ದಿನಗಳಲ್ಲೇ ಹೆಚ್ಚುತ್ತಿತ್ತು. ಅನಾನಸಿನ ಪರಿಮಳದ ರಸಾಯನಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ಹಾಗೆನ್-ಸ್ಮಿಟ್, ವಾಹನಗಳಿಂದಲೂ ತೈಲ ಸಂಸ್ಕರಣಾಗಾರಗಳಿಂದಲೂ ಹೊರಬಿದ್ದ ಹೈಡ್ರೋಕಾರ್ಬನ್‌ಗಳು ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ವರ್ತಿಸಿದಾಗ ಓಜೋನ್ ಹುಟ್ಟುತ್ತದೆಂದು ತೋರಿಸಿದರು. ಓಜೋನ್ ರಬ್ಬರನ್ನು ಸೀಳುವುದರಿಂದ, ಬಾಗಿಸಿಟ್ಟ ರಬ್ಬರು ಬಿರುಕುಬಿಡುವ ವೇಗದಿಂದ ಅದನ್ನು ಅಳೆದರು. ಯಾವ ಚಿಮಣಿಯಿಂದಲೂ ನೇರವಾಗಿ ಬಾರದೆ ಗಾಳಿಯಲ್ಲೇ ಹುಟ್ಟುವ ಮಾಲಿನ್ಯವೊಂದಿದೆ ಎಂಬುದೇ ಈ ಸಂಶೋಧನೆಯ ತಿರುಳು. ‘ಹೊಗೆಮಂಜು’ ಎಂದು ಓದಿದವರು ಚಿಮಣಿಯನ್ನೇ ಹುಡುಕುತ್ತಾರೆ.

‘ಇಂಗ್ಲಿಷಿನವರು ಎರಡಕ್ಕೂ ಸ್ಮಾಗ್ ಎನ್ನುತ್ತಾರಲ್ಲ’ ಎಂದು ತಾವು ಹಿಂದಿನ ಪತ್ರದಲ್ಲಿ ಹೂಡಿರುವ ವಾದ ನಿಲ್ಲುವುದಿಲ್ಲ. ಸ್ಮಾಗ್ ಎಂಬಲ್ಲಿ ಸ್ಮೋಕ್ (ಹೊಗೆ), ಫಾಗ್ (ಮಂಜು) ಎಂಬ ಮೂಲಪದಗಳೆರಡೂ ಕರಗಿಹೋಗಿವೆ. ಹೊಗೆಮಂಜಿನಲ್ಲಿ ಎರಡೂ ಸ್ಪಷ್ಟವಾಗಿ ಕಿವಿಗೆ ಬೀಳುತ್ತವೆ. ಹಾಗಾದರೆ ಹೊಗೆ, ಮಂಜುಗಳನ್ನು ಹಾಗೆಯೇ ಕರಗಿಸಿದ ‘ಹೊಂಜು’ ಆಗದೇ ಎಂದರೆ, ‘ಹೊಂ’ ಎಂದೊಡನೆ ಹೊಂಬಣ್ಣ, ಹೊಂಗಿರಣ, ಹೊಂಬಿಸಿಲುಗಳ ಹೊನ್ನೇ ನೆನಪಾಗುವ ನಮ್ಮ ನುಡಿಯಲ್ಲಿ ಶ್ವಾಸಕೋಶವನ್ನು ಕೆಡಿಸುವ ಗಾಳಿಗೆ ಆ ಹೆಸರಿಡುವುದನ್ನು ನಾನು ಒಪ್ಪಲಾರೆ. ಬೆಳಕಿನ ರಾಸಾಯನಿಕ ಕ್ರಿಯೆಯಿಂದಾದ ಸ್ಮಾಗ್ ಎಂಬರ್ಥದ ‘ದ್ಯುತಿರಾಸಾಯನಿಕ ಧೂಮಿಕೆ’ಯನ್ನು ಫಲಕದ ಮುಂದೆ ನಿಂತ ಮಕ್ಕಳು ಓದಲಾರರು, ಅದರ ಚರ್ಚೆಯೇ ಬೇಡ.

ಓಜೋನಿಗೂ ಅಚ್ಚಗನ್ನಡದ ಹೆಸರು ಬೇಕೆಂದು ಹಟ ಹಿಡಿದಿರುವವರು ಎರವಲಿನ ಪ್ರಶ್ನೆಯನ್ನು ತಪ್ಪಾದ ಜಾಗದಲ್ಲಿ ಎತ್ತಿದ್ದಾರೆ. ಪ್ರಯೋಗಶಾಲೆಯಲ್ಲಿ ಗುರುತಿಸಿದ ಅನಿಲದ ಹೆಸರು ಲೋಕವೆಲ್ಲ ಬಳಸುವ ಹೆಸರಾಗಿಯೇ ಇರಲಿ. ಜನ ಕಣ್ಣಾರೆ ಕಾಣುವ ಸ್ಥಿತಿಗೆ ಮಾತ್ರ ನಮ್ಮ ಮಾತು ಬೇಕು. ಅದೇ ರಾಸಾಯನಿಕ ಕ್ರಿಯೆಯಲ್ಲಿ ಹುಟ್ಟುವ ಸೂಕ್ಷ್ಮ ಕಣಗಳು ದೂರದ ಬೆಟ್ಟಗಳನ್ನು ಮಸುಕಾಗಿಸುವುದರಿಂದ ‘ಮಬ್ಬು’ ಎಂಬುದು ಅರ್ಥಕ್ಕೂ ಹೊಂದುತ್ತದೆ. ‘ಬಿಸಿಲು’, ‘ಮಬ್ಬು’ ಎರಡೂ ಕನ್ನಡ ಪದಗಳಾದ್ದರಿಂದ, ಕನ್ನಡಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದ ಆಕ್ಷೇಪಕ್ಕೂ ಎಡೆಯಿಲ್ಲ.

ಫಲಕದಲ್ಲಿ ಈ ಪದ ಮೊದಲು ಬರುವಲ್ಲಿ ‘ಬಿಸಿಲುಮಬ್ಬು, ಅಂದರೆ ವಾಹನಗಳ ಅನಿಲ ಬಿಸಿಲಿಗೆ ಸಿಕ್ಕು ಉಂಟಾಗುವ ಓಜೋನ್ ಮಾಲಿನ್ಯ’ ಎಂದು ಬಿಡಿಸಿ ಬರೆಯಿರಿ. ಮುಂದಿನ ಸಾಲುಗಳಲ್ಲಿ ‘ಬಿಸಿಲುಮಬ್ಬು’ ಎಂದರೆ ಸಾಕು.