ಬ್ರೌಸರ್‌ಗೆ ಯಾವ ಎಕ್ಸ್‌ಟೆನ್ಶನ್ ಬೇಕು, ಯಾವುದು ಬ್ಯಾಡ?

ಪ್ರಶ್ನೆ (ಆನ್‌ಲೈನ್ ಅರ್ಜಿ ಕೇಂದ್ರ, ನವನಗರ, ಬಾಗಲಕೋಟೆ):
ನಮಸ್ಕಾರ ಸರ್. ನಮ್ಮ ಸೆಂಟರ್‌ನ್ಯಾಗ 4 ಜಿಬಿ ರ‍್ಯಾಮಿನ ಎರಡು ಕಂಪ್ಯೂಟರ್ ಅದಾವ. ಕ್ರೋಮ್‌ನ್ಯಾಗ ಯುಬ್ಲಾಕ್ ಒರಿಜಿನ್ (ಜಾಹೀರಾತು ತಡೆಯೂ ಎಕ್ಸ್‌ಟೆನ್ಶನ್, ಅಂದ್ರ ಬ್ರೌಸರಿಗೆ ಸೇರಿಸೂ ಸಣ್ಣ ತಂತ್ರಾಂಶ) ಇತ್ತು, ತಾನ ಬಂದ್ ಆಗೇತಿ. ಈಗ ರಿಸಲ್ಟ್ ಸೈಟ್ ತೆಗದ್ರ ‘ಡೌನ್‌ಲೋಡ್’ ಅಂತ ನಾಕ್ನಾಕು ಬಟನ್ ಬರ್ತಾವ, ಖರೇದು ಯಾವುದಂತ ತಿಳಿವಲ್ದು.

ಉತ್ತರ (ಸಿಸ್ಟಮ್ ಅಡ್ಮಿನ್, ಬೆಳಗಾವಿ):
ಕ್ರೋಮ್ ತನ್ನ ನಿಯಮ ಬದಲಿಸಿದೆ ರೀ. ಹಳೆ ಪದ್ಧತಿಯಲ್ಲಿ ಪುಟ ತರಿಸಿಕೊಳ್ಳುವ ಪ್ರತಿ ಫೈಲನ್ನೂ ಎಕ್ಸ್‌ಟೆನ್ಶನ್ ತಾನೇ ನೋಡಿ ತಡೆಯುತ್ತಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಪದ್ಧತಿಯಲ್ಲಿ ಏನು ತಡೆಯಬೇಕೆಂಬ ಪಟ್ಟಿಯನ್ನು ಅದು ಕೊಡಬೇಕು, ತಡೆಯುವುದು ಬ್ರೌಸರ್. ಹಳೆ ಪದ್ಧತಿಯವು ಕ್ರೋಮ್‌ನಲ್ಲಿ 2025ಕ್ಕೆ ಪೂರ್ತಿ ನಿಂತವು. ಕ್ರೋಮ್ ಬಿಡಲಾಗದಿದ್ದರೆ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ. ಐಕಾನ್ ಒತ್ತಿದರೆ ಬೇಸಿಕ್, ಆಪ್ಟಿಮಲ್, ಕಂಪ್ಲೀಟ್ ಅಂತ ಮಟ್ಟಗಳಿವೆ, ಆಪ್ಟಿಮಲ್ ಸಾಕು. ಪೂರ್ತಿ ಶಕ್ತಿ ಬೇಕಂದ್ರೆ ಫೈರ್‌ಫಾಕ್ಸ್‌ನಲ್ಲಿ ಮೂಲ ಯುಬ್ಲಾಕ್ ಒರಿಜಿನ್ ಇವತ್ತಿಗೂ ನಡೀತದ. ಸ್ಟೋರ್‌ನಲ್ಲಿ ಇದೇ ಥರದ ಹೆಸರಿನವು ಹಲವು ಇವೆ. ತಯಾರಕರ ಹೆಸರು ರೇಮಂಡ್ ಹಿಲ್ ಅಂತ ಇದ್ದದ್ದನ್ನೇ ತಗೊಳ್ಳಿ. ಎರಡು ಆ್ಯಡ್ ಬ್ಲಾಕರ್ ಒಟ್ಟಿಗೆ ಬೇಡ: ಒಂದು ಮುಚ್ಚಿದ್ದನ್ನು ಇನ್ನೊಂದು ಕೆಡಿಸುತ್ತದೆ, ರ‍್ಯಾಮ್ ಬೇರೆ ತಿನ್ನುತ್ತದೆ. ರ‍್ಯಾಮ್ ಉಳಿಸಲಿಕ್ಕೆ ಎಕ್ಸ್‌ಟೆನ್ಶನ್ನೇ ಬೇಡ. ಕ್ರೋಮ್ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿ.

ಅದೇ ಕೇಂದ್ರದಿಂದ:
ಬ್ಲಾಕರ್ ಇದ್ದಾಗ ಫೀ ಕಟ್ಟೂ ಪುಟ ಸುತ್ತಕೋತ ನಿಲ್ತದಲ್ರಿ ಸರ್?

ಉತ್ತರ:
ಯುಬ್ಲಾಕ್ ಒರಿಜಿನ್ ಐಕಾನಿನ ಒಳಗಿನ ಪವರ್ ಬಟನ್ ಒತ್ತಿದರೆ, ಲೈಟ್ ಆದರೆ ಮಟ್ಟವನ್ನು ‘ನೋ ಫಿಲ್ಟರಿಂಗ್’ಗೆ ಇಳಿಸಿದರೆ, ತೆರೆದಿರುವ ಸೈಟಿಗೆ ಮಾತ್ರ ಬ್ಲಾಕರ್ ನಿಲ್ಲುತ್ತದೆ. ಅರ್ಜಿಯ ಸೈಟ್ ಒಂದು, ಹಣ ಪಡೆಯುವ ಗೇಟ್‌ವೇ ಇನ್ನೊಂದು. ಅರ್ಜಿ ಪುಟದಲ್ಲಿ ಆಫ್ ಮಾಡಿದರೂ ಗೇಟ್‌ವೇಯಲ್ಲಿ ಆನ್ ಇರುತ್ತದೆ. ಅಲ್ಲಿ ಆಫ್ ಮಾಡಿ ರಿಫ್ರೆಶ್ ಒತ್ತಿದರೆ ವ್ಯವಹಾರ ಅರ್ಧಕ್ಕೆ ತುಂಡಾಗಬಹುದು. ಆದ್ದರಿಂದ ‘ಪೇ’ ಒತ್ತುವ ಮೊದಲೇ ಎಕ್ಸ್‌ಟೆನ್ಶನ್ ಪಟ್ಟಿಗೆ ಹೋಗಿ ಬ್ಲಾಕರನ್ನೇ ಪೂರ್ತಿ ಆಫ್ ಮಾಡಿ, ರಸೀದಿ ಕೈಗೆ ಬಂದ ಮೇಲೆ ಆನ್ ಮಾಡಿ. ರಸೀದಿಯ ಕಿಟಕಿ ಮಾತ್ರ ತೆರೆಯದಿದ್ದರೆ ವಿಳಾಸಪಟ್ಟಿಯ ಬಲತುದಿ ನೋಡಿ, ಬ್ರೌಸರಿನದೇ ಪಾಪ್‌ಅಪ್ ತಡೆ ಇರಬಹುದು.

ಪ್ರಶ್ನೆ (ತೆರಿಗೆ ಸಲಹೆಗಾರರ ಕಚೇರಿ, ಟಿಳಕವಾಡಿ, ಬೆಳಗಾವಿ):
ಒಬ್ಬ ಕಕ್ಷಿದಾರರ ಜಿಎಸ್‌ಟಿ ಲಾಗಿನ್ ಇದ್ದಾಗ ಇನ್ನೊಬ್ಬರದು ತೆಗೆದರೆ ಮೊದಲಿನದು ಹೋಗುತ್ತದೆ. ಉಪಾಯ ಐತೇನ್ರಿ?

ಉತ್ತರ:
ಐತ್ರಿ. ಒಂದು ಬ್ರೌಸರಿನ ಎಲ್ಲ ಟ್ಯಾಬಿಗೂ ಕುಕಿ (ಲಾಗಿನ್ ನೆನಪಿಡುವ ಸಣ್ಣ ಫೈಲ್) ಒಂದೇ, ಅದಕ್ಕೇ ಹೀಗಾಗುತ್ತದೆ. ಫೈರ್‌ಫಾಕ್ಸ್‌ಗೆ ಮೊಜಿಲ್ಲಾದವರದೇ ಮಲ್ಟಿ-ಅಕೌಂಟ್ ಕಂಟೇನರ್ಸ್ ಹಾಕಿ. ಐಕಾನ್ ಒತ್ತಿ ಮ್ಯಾನೇಜ್ ಕಂಟೇನರ್ಸ್‌ನಲ್ಲಿ ಪ್ರತಿ ಕಕ್ಷಿದಾರರಿಗೆ ಒಂದು ಹೆಸರು, ಒಂದು ಬಣ್ಣ ಕೊಡಿ. ಹೊಸ ಟ್ಯಾಬಿನ ಪ್ಲಸ್ ಗುರುತನ್ನು ಒತ್ತಿ ಹಿಡಿದರೆ ಪಟ್ಟಿ ಬರುತ್ತದೆ. ಪ್ರತಿ ಕಂಟೇನರಿನ ಕುಕಿ ಬೇರೆ, ಹಾಗಾಗಿ ಲಾಗಿನ್‌ಗಳು ಒಂದಕ್ಕೊಂದು ತಾಗುವುದಿಲ್ಲ. ‘ಈ ಸೈಟನ್ನು ಯಾವಾಗಲೂ ಇದೇ ಕಂಟೇನರ್‌ನಲ್ಲಿ ತೆರೆ’ ಎಂಬುದನ್ನು ಜಿಎಸ್‌ಟಿ ಸೈಟಿಗೆ ಮಾತ್ರ ಆರಿಸಬೇಡಿ, ಆರಿಸಿದರೆ ಎಲ್ಲರ ಕೆಲಸವೂ ಒಬ್ಬರ ಕಂಟೇನರಿಗೇ ಎಳೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಕಂಟೇನರ್ ಪ್ರಕಾರ ಬೇರೆಯಾಗುವುದಿಲ್ಲ. ಲಾಗಿನ್ ಮಾಡುವಾಗ ಯೂಸರ್‌ನೇಮ್ ಓದಿ ಆರಿಸಿ. ಡಿಜಿಟಲ್ ಸಹಿಯ ಟೋಕನ್‌ಗೂ ಇದಕ್ಕೂ ಸಂಬಂಧವಿಲ್ಲ, ಆ ಕೆಲಸ ಬ್ರೌಸರ್ ಹೊರಗಿನ ತಂತ್ರಾಂಶದ್ದು. ಕ್ರೋಮ್‌ನಲ್ಲೇ ಇರಬೇಕಂದ್ರೆ ಬೇರೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ.

ಪ್ರಶ್ನೆ (ಝೆರಾಕ್ಸ್ ಅಂಗಡಿ, ಸಿಂದಗಿ, ವಿಜಯಪುರ ಜಿಲ್ಲೆ):
ಪಿಡಿಎಫ್ ಮಾಡೂ ಪುಕ್ಕಟೆ ಎಕ್ಸ್‌ಟೆನ್ಶನ್ ಸಿಕ್ಕದ. ‘ಎಲ್ಲಾ ವೆಬ್‌ಸೈಟ್‌ಗಳ ಮಾಹಿತಿ ಓದಬಹುದು, ಬದಲಿಸಬಹುದು’ ಅಂತ ಕೇಳ್ತದ. ಹೂಂ ಅನ್ಲೇನ್ರಿ?

ಉತ್ತರ:
ಬ್ಯಾಡ್ರಿ. ಆ ಸಾಲಿನ ಅರ್ಥ ಅಕ್ಷರಶಃ ಅದೇ: ಗಿರಾಕಿಯ ಆಧಾರ್ ಸಂಖ್ಯೆ, ಪುಟದಲ್ಲಿ ಟೈಪ್ ಮಾಡಿದ ಒಟಿಪಿ, ಎಲ್ಲವನ್ನೂ ಅದು ಓದಬಲ್ಲದು. ಇವತ್ತು ಪ್ರಾಮಾಣಿಕವಾಗಿದೆ ಅಂತಲೇ ಇಟ್ಟುಕೊಳ್ಳಿ, ನಾಳೆ ತಯಾರಕರು ಅದನ್ನು ಬೇರೆಯವರಿಗೆ ಮಾರಿಬಿಡಬಹುದು. ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಎಕ್ಸ್‌ಟೆನ್ಶನ್ 2020ರಲ್ಲಿ ಕೈ ಬದಲಾಯಿತು; 2021ರ ಫೆಬ್ರುವರಿಯಲ್ಲಿ ಅದರೊಳಗೆ ದುರುದ್ದೇಶದ ಕೋಡ್ ಇದೆ ಎಂದು ಗೂಗಲ್ ಅದನ್ನು ಕಿತ್ತುಹಾಕಿತು. ಅಪ್‌ಡೇಟ್ ಹೊಸ ಅನುಮತಿ ಕೇಳಿದರೆ ಕ್ರೋಮ್ ಎಕ್ಸ್‌ಟೆನ್ಶನ್ ನಿಲ್ಲಿಸಿ ನಿಮ್ಮನ್ನು ಕೇಳುತ್ತದೆ, ಖರೆ. ಆದರೆ ಎಲ್ಲ ಸೈಟಿನ ಅನುಮತಿ ಮೊದಲೇ ಕೊಟ್ಟಿದ್ದರೆ ಕೇಳಲಿಕ್ಕೆ ಏನೂ ಉಳಿದಿರುವುದಿಲ್ಲ, ಹೊಸ ಕೋಡ್ ಸದ್ದಿಲ್ಲದೆ ಒಳಗೆ ಬರುತ್ತದೆ.

ನಿಮ್ಮ ಕೆಲಸ ಹಾಗೇ ಆಗುತ್ತದೆ. ಪುಟಕ್ಕೆ ಕಂಟ್ರೋಲ್ ಮತ್ತು ಪಿ ಒತ್ತಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ. ಫೋಟೊಗಳಿಗಾದರೆ ವಿಂಡೋಸ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್, ಪ್ರಿಂಟ್, ಪ್ರಿಂಟರ್ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’.

ಈಗಾಗಲೇ ಇರುವ ಎಕ್ಸ್‌ಟೆನ್ಶನ್‌ಗಳಿಗೆ: ಮೂರು ಚುಕ್ಕೆ, ಎಕ್ಸ್‌ಟೆನ್ಶನ್ಸ್, ಮ್ಯಾನೇಜ್, ಡೀಟೇಲ್ಸ್, ಅಲ್ಲಿ ಸೈಟ್ ಆ್ಯಕ್ಸೆಸ್ ಅನ್ನು ‘ಆನ್ ಕ್ಲಿಕ್’ ಮಾಡಿ. ಆ್ಯಡ್ ಬ್ಲಾಕರಿಗೆ ಮಾತ್ರ ಹೀಗೆ ಮಾಡಬೇಡಿ, ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಗುಂಪಿನ ಇನ್ನೊಬ್ಬರು (ನೆಟ್‌ವರ್ಕ್ ಕೆಲಸ, ಜಮಖಂಡಿ):
ಪಾಸ್‌ವರ್ಡಿಗೆ ಬಿಟ್‌ವಾರ್ಡನ್ ಅಂತ ಅವನ್ನು ಉಳಿಸಿಡೂ ಎಕ್ಸ್‌ಟೆನ್ಶನ್ ಐತಿ, ಅದನ್ನ ಸೇರಿಸ್ರಿ ಅಣ್ಣಾರ. ಉಳಿಸಿದ ವಿಳಾಸ ಹೊಂದದಿದ್ದರೆ ಅದು ಪಾಸ್‌ವರ್ಡ್ ಸೂಚಿಸುವುದಿಲ್ಲ. ಬ್ಯಾಂಕಿನಂತೆಯೇ ಕಾಣುವ ನಕಲಿ ಸೈಟ್ ಅಲ್ಲೇ ಸಿಕ್ಕಿಬೀಳುತ್ತದೆ. ಗಿರಾಕಿಗಳು ಕೂರುವ ಕಂಪ್ಯೂಟರಿಗೆ ಮಾತ್ರ ಹಾಕಬಾರದು, ಅಲ್ಲಿ ಗೆಸ್ಟ್ ಮೋಡ್ (ಮುಚ್ಚಿದ ಮೇಲೆ ಏನೂ ಉಳಿಯದ ಕಿಟಕಿ) ಕೊಡಿ.

ಪ್ರಶ್ನೆ (ಮುಧೋಳ):
ಪುಟ ಕೆಟ್ರ ಯಾವ ಎಕ್ಸ್‌ಟೆನ್ಶನ್‌ದ್ದು ತಪ್ಪಂತ ಹೆಂಗ ಹಿಡಿಯೂದ್ರಿ?

ಉತ್ತರ:
ಇನ್‌ಕಾಗ್ನಿಟೊದಲ್ಲಿ (ಬ್ರೌಸರಿನ ಖಾಸಗಿ ಕಿಟಕಿ) ತೆಗೀರಿ, ನೀವಾಗಿ ಅನುಮತಿ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್ ಓಡುವುದಿಲ್ಲ. ಅಲ್ಲಿ ಸರಿ ಬಂದರೆ ಪಟ್ಟಿಯ ಅರ್ಧ ಆಫ್ ಮಾಡಿ ನೋಡಿ, ಪುಟ ಸರಿಯಾದರೆ ತಪ್ಪು ಆಫ್ ಮಾಡಿದ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿ; ಆ ಭಾಗದಲ್ಲಿ ಮತ್ತೆ ಅರ್ಧ ಮಾಡಿ ನೋಡಿ. ಅಲ್ಲೂ ಕೆಟ್ಟರೆ ತೊಂದರೆ ಬಹುತೇಕ ಸೈಟಿನದೋ ನೆಟ್‌ವರ್ಕಿನದೋ ಇರುತ್ತದೆ.