ಅಪ್‌ಡೇಟ್: ಯಮಹಾ ಆರ್‌15 ಬೈಕಿಗೆ ಕೊನೆಗೂ ಯಾವ ಲಿವರ್ ಹಾಕಿಸಿದೆ ಅಂದ್ರೆ...

ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಹಳೇ ಆರ್‌15 ವಿ2ಗೆ ಗಿಡ್ಡ ಬ್ರೇಕ್, ಕ್ಲಚ್ ಲಿವರ್ (ಹ್ಯಾಂಡಲ್ ಮೇಲೆ ಬೆರಳಲ್ಲಿ ಎಳೆಯುವ ಹಿಡಿಕೆ) ಹಾಕಿಸಲೋ, ಉದ್ದದ್ದೋ ಅಂತ. ಆಸೆ ತಡೆಯದೆ ಮೊದಲು ಅಗ್ಗದ ಗಿಡ್ಡದ್ದೇ ತಂದೆ. ನೋಡೋಕೆ ಚೆಂದ. ಆದರೆ ಬ್ರೇಕ್ ಲಿವರ್ ಬಿಟ್ಟಿದ್ದರೂ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಒತ್ತಿಕೊಂಡೇ ಇತ್ತು. ಹಿಂದಿನ ಬ್ರೇಕ್ ಲೈಟ್ ಆರುತ್ತಲೇ ಇರಲಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ಬಿಗಿ, ಡಿಸ್ಕ್ ಕಾದ ಹೆಂಚು! ಅದೇ ದಿನ ಬಿಚ್ಚಿಸಿದೆ.

ಈಗ ಉದ್ದದ, ಮಡಚುವ ಲಿವರ್ ಇದೆ. ನೀವು ಹೇಳಿದ್ದು ನಿಜ, ಲಿವರ್ ಗಿಡ್ಡವಾದಷ್ಟೂ ಕ್ಲಚ್ ಹಿಡಿಯಲು ಜಾಸ್ತಿ ಬಲ ಬೇಕು. ಸಿಗ್ನಲ್‌ಗಳಲ್ಲಿ ಎಡಗೈ ಈಗ ನೋಯುತ್ತಿಲ್ಲ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಫ್ರೀ ಪ್ಲೇ (ಕ್ಲಚ್ ಎಳೆತ ಶುರುವಾಗುವ ಮುಂಚಿನ ಸಡಿಲ) ಬಿಟ್ಟು, ಲಿವರ್ ತಿರುಗುವ ಪಿವಟ್ ಬೋಲ್ಟಿಗೆ ಗ್ರೀಸ್ ಹಚ್ಚಿದ್ದೇನೆ. ಬೈಕಿನ ಜತೆ ಬಂದಿದ್ದ ಲಿವರ್‌ಗಳನ್ನು ಎಸೆದಿಲ್ಲ, ಅಟ್ಟದಲ್ಲಿವೆ.