ಅಂಗಡಿ ಪದಕ ಬೇಡ, ಅರ್ಜಿ ಹಾಕೋಣ

ನಮ್ಮ 'ಮೇಲಿನಮನೆ ಬಳಗ' ಗುಂಪಿನಲ್ಲಿ ಸಾಮಾನ್ಯವಾಗಿ ನಡೆಯುವುದು ಅಡಿಕೆ ಧಾರಣೆ, ಮಳೆ, ಯಾರದೋ ಮನೆ ಒಕ್ಕಲಿನ ಮಾತು. ಮೊನ್ನೆ, ಸೇನೆಯಲ್ಲಿದ್ದು ತೀರಿಹೋದ ನಮ್ಮ ದೊಡ್ಡಪ್ಪನ ಪದಕಗಳ ವಿಷಯಕ್ಕೆ ಒಂದು ಲಿಂಕ್ ಬಂತು ನೋಡಿ, ಅರ್ಧ ರಾತ್ರಿವರೆಗೆ ಜಗಳ. ಮನೆಯವರೆಲ್ಲ ಅಡ್ಡಿಯಿಲ್ಲ ಅಂದ ಮೇಲೆ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು, ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆ ಊರು ಮತ್ತು ನೆಂಟಸ್ತಿಕೆ ಮಾತ್ರ ಉಳಿಸಿದ್ದೇನೆ. ನಡುನಡುವೆ ಬಂದ ಶುಭರಾತ್ರಿ ಹೂವುಗಳನ್ನೂ ಕಿತ್ತಿದ್ದೇನೆ.

ಬೆಂಗಳೂರು ತಮ್ಮ: (ಶಾಪಿಂಗ್ ಲಿಂಕ್) ಸಿಕ್ಕಿತು ನೋಡಿ! 1971ರ ಯುದ್ಧದ ಪೂರ್ತಿ ಸೆಟ್. ಪೂರ್ವಿ ಸ್ಟಾರ್, ಸಂಗ್ರಾಮ ಪದಕ, 1965ರ ರಕ್ಷಾ ಪದಕ, ಸ್ವಾತಂತ್ರ್ಯದ 25ನೇ ವರ್ಷದ ಪದಕ. ರಿಬ್ಬನ್ ಹೊಲಿದು ಫ್ರೇಮ್ ಹಾಕಿಯೇ ಕಳಿಸುತ್ತಾರೆ. ಡಿಸೆಂಬರ್ 16ಕ್ಕೆ ಶಾಲೆಯವರು ದೊಡ್ಡಪ್ಪನ ನೆನಪಿಗೆ ದೊಡ್ಡಮ್ಮನನ್ನು ಕರೆದಿದ್ದಾರಲ್ಲ, ಅಷ್ಟರಲ್ಲಿ ಬರುತ್ತದೆ. ದುಡ್ಡು ನನ್ನದು, ಯಾರೂ ಕೇಳಬೇಡಿ.

ಸಾಗರ ಅತ್ತೆ: ಚೆನ್ನಾಗಿದೆ ಕಣೋ. ಅಣ್ಣಯ್ಯನ ಫೋಟೋ ಪಕ್ಕ ಹಾಕಿದರೆ ಜಗುಲಿಗೆ ಒಂದು ಕಳೆ ಬರುತ್ತದೆ.

ನಾನು: ತಮ್ಮಾ, ಆರ್ಡರ್ ಮಾಡಬೇಡ. ಮಾಡಿದ್ದರೆ ಕ್ಯಾನ್ಸಲ್ ಮಾಡು.

ಬೆಂಗಳೂರು ತಮ್ಮ: ಯಾಕೆ ಅಕ್ಕಾ? ಒಳ್ಳೆ ಕೆಲಸಕ್ಕೂ ಅಡ್ಡಗಾಲಾ?

ನಾನು: ಅದು ದೊಡ್ಡಪ್ಪನ ಸೆಟ್ ಅಲ್ಲ, ಅಂಗಡಿಯವನ ಸೆಟ್. ಅದರಲ್ಲಿ ಒಂದು ದೊಡ್ಡಪ್ಪನಿಗೆ ಸಂಬಂಧವೇ ಇಲ್ಲದ್ದು. ಕಳೆದ ಸಲ ಊರಿಗೆ ಹೋದಾಗ ಟ್ರಂಕಿನಿಂದ ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ, ತೆಗೆದಿದ್ದೆ. ಫೋಟೋ ಹಾಕುತ್ತೇನೆ, ಎಲ್ಲರೂ ದೊಡ್ಡದು ಮಾಡಿಕೊಂಡು ನೋಡಿ.

(ಫೋಟೋ. ಮೂಲೆಯನ್ನು ಒರಲೆ ತಿಂದಿದೆ. ಅಟ್ಟದ ಹೊಗೆಗೆ ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿದೆ. ನೇರಳೆ ಸೀಲು, ಅದರ ಮೇಲೆ ಯಾರದೋ ಅವಸರದ ಸಹಿ. ಪದಕಗಳ ಜಾಗದಲ್ಲಿ ನೀಲಿ ಶಾಯಿಯ ಬರಹ, ಕೊನೆಯ ಸಾಲು ಅರ್ಧ ಅಳಿಸಿದೆ.)

ನಾನು: 1963ರಲ್ಲಿ ಭರ್ತಿ, 1978ರಲ್ಲಿ ನಿವೃತ್ತಿ. ಮದ್ರಾಸ್ ಸ್ಯಾಪರ್ಸ್, ಸೇನೆಯ ಎಂಜಿನಿಯರ್ ಪಡೆ. ಪದಕಗಳ ಸಾಲು ಓದಿ. ರಕ್ಷಾ ಪದಕ, ಸಂಗ್ರಾಮ ಪದಕ, 9 ವರ್ಷದ ದೀರ್ಘ ಸೇವಾ ಪದಕ, 25ನೇ ವರ್ಷದ್ದು. ಅದರ ಕೆಳಗೆ ಇರುವುದು ಪಶ್ಚಿಮಿ ಸ್ಟಾರ್. ಪೂರ್ವಿ ಅಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಅದು ಗುಮಾಸ್ತರ ತಪ್ಪು ಇರಬೇಕು. ಅಣ್ಣಯ್ಯ ಬಾಂಗ್ಲಾ ಯುದ್ಧಕ್ಕೆ ಹೋಗಿದ್ದು ಇಡೀ ಊರಿಗೆ ಗೊತ್ತು. ವಾಪಸ್ ಬಂದಾಗ ಪೇಟೆಯಿಂದ ಮನೆವರೆಗೆ ವಾಲಗ ಊದಿಸಿಕೊಂಡು ಕರೆದುಕೊಂಡು ಬಂದಿದ್ದೆವು.

ಹೊಸನಗರ ಭಾವ: ಚಿಕ್ಕಮಾವ, ವಾಲಗ ಸರಿ, ದಿಕ್ಕು ತಪ್ಪು. ಯುದ್ಧ ಎರಡೂ ಕಡೆ ನಡೆದಿತ್ತು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಬಾಂಬು ಹಾಕಿದ್ದೇ ನಮ್ಮ ಪಶ್ಚಿಮದ ವಿಮಾನ ನೆಲೆಗಳ ಮೇಲೆ. 16ರಂದು ಢಾಕಾದಲ್ಲಿ ಶರಣಾಗತಿ ಆಯಿತು, ಫೋಟೋ ಎಲ್ಲರೂ ನೋಡಿದ್ದೇವೆ. ಅದೇ ದಿನ ಪಶ್ಚಿಮ ಗಡಿಯ ಶಕರ್‌ಗಢ ಕಡೆ ಬಸಂತರ್ ಹೊಳೆ ದಂಡೆಯಲ್ಲಿ ಟ್ಯಾಂಕುಗಳು ಹೊಡೆದಾಡುತ್ತಿದ್ದವು. ಪಶ್ಚಿಮದಲ್ಲಿ ಕದನ ವಿರಾಮ ಆಗಿದ್ದು 17ಕ್ಕೆ. ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ನಮ್ಮ ಕಡೆ ಎಲ್ಲರ ಬಾಯಲ್ಲೂ 'ಬಾಂಗ್ಲಾ ಯುದ್ಧ' ಅಂತಲೇ ಉಳಿಯಿತು, ಅಷ್ಟೇ.

(ಭಾವ ಸೇನೆಯಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದವರು. ಮದುವೆ ಊಟದ ಎಲೆ ಎಷ್ಟಾಯಿತು ಅನ್ನುವುದಕ್ಕೂ ರಿಜಿಸ್ಟರ್ ಇಡುವ ಜನ.)

ಹೊಸನಗರ ಭಾವ: ಬುಕ್ಕಿನಲ್ಲಿ ಇರುವುದು 9 ಎಂಜಿನಿಯರ್ ರೆಜಿಮೆಂಟ್. ಬಸಂತರ್‌ನಲ್ಲಿ ಮೈನ್, ಅಂದರೆ ನೆಲದಲ್ಲಿ ಹೂತ ಬಾಂಬು, ತೆಗೆದು ದಾರಿ ಮಾಡಿದವರು ಇವರೇ. ಪೂರ್ತಿ ತೆರವಾಗುವುದಕ್ಕೂ ಕಾಯದೆ ನಮ್ಮ ಟ್ಯಾಂಕ್ ದಳ ಪೂನಾ ಹಾರ್ಸ್‌ನ ಟ್ಯಾಂಕುಗಳು ನುಗ್ಗಿದವು. ಪರಮವೀರ ಚಕ್ರ ಬಂತಲ್ಲ, ಅರುಣ್ ಖೇತ್ರಪಾಲ್, 21 ವರ್ಷದ ಹುಡುಗ, ಅವರು ಹೋದದ್ದು ಅಲ್ಲೇ. ಬೋರಲು ಮಲಗಿ ಕಬ್ಬಿಣದ ಸರಳು ಚುಚ್ಚಿ ಮೈನ್ ಹುಡುಕುವ ಕೆಲಸ ಸ್ಯಾಪರ್‌ಗಳದ್ದು. ಸರಳನ್ನು ಓರೆಯಾಗಿಯೇ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆ ಮೇಲೇ ಒತ್ತಿದ ಹಾಗೆ.

ಸಾಗರ ಅತ್ತೆ: ಅಯ್ಯೋ ದೇವರೇ. ತೋಟದಲ್ಲಿ ಅಡಿಕೆ ಸಸಿಗೆ ಗುಂಡಿ ತೆಗೆಯುವ ಮೊದಲು ಅಣ್ಣಯ್ಯ ಹಾರೆಯನ್ನು ಓರೆಯಾಗಿ ಚುಚ್ಚಿ ಚುಚ್ಚಿ ನೋಡುತ್ತಿದ್ದ. ಆಳುಗಳು ನಗುತ್ತಿದ್ದರು. ಕಲ್ಲು ನೋಡುತ್ತಾನೆ ಅಂತ ನಾವು ಅಂದುಕೊಂಡಿದ್ದೆವು.

ತೀರ್ಥಹಳ್ಳಿ ಚಿಕ್ಕಪ್ಪ: ಹೌದು. ನಾನೂ ನಕ್ಕಿದ್ದೆ.

ಶಿವಮೊಗ್ಗ ಚಿಕ್ಕಮ್ಮ: (ಫಾರ್ವರ್ಡ್) ಯುದ್ಧ ಪದಕ ಇರುವ ಕುಟುಂಬಕ್ಕೆ ಸರ್ಕಾರದಿಂದ ಜಮೀನು ಮತ್ತು ತಿಂಗಳ ಹಣ!! ಬೇಗ ಶೇರ್ ಮಾಡಿ. ಇದು ನಿಜವಾ? ನಿಜ ಆದರೆ ಅರ್ಜಿ ಹಾಕಿಬಿಡೋಣ.

ಹೊಸನಗರ ಭಾವ: ಸುಳ್ಳು. ತಿಂಗಳ ಭತ್ಯೆ ಇರುವುದು ಶೌರ್ಯ ಪದಕಗಳಿಗೆ. ಪರಮವೀರ, ಮಹಾವೀರ, ವೀರ ಚಕ್ರ, ಸೇನಾ ಪದಕ ಅಂಥವಕ್ಕೆ. ದೊಡ್ಡಮಾವನದ್ದು ಯುದ್ಧದಲ್ಲಿ ಇದ್ದರು ಅನ್ನುವುದಕ್ಕೆ ಕೊಡುವ ಪದಕ. ಅದಕ್ಕೆ ಒಂದು ಪೈಸೆ ಬರುವುದಿಲ್ಲ.

ಶಿವಮೊಗ್ಗ ಚಿಕ್ಕಮ್ಮ: ಹಾಗಾದರೆ ಇಷ್ಟು ಓಡಾಟ ಯಾಕಪ್ಪ?

ಬೆಂಗಳೂರು ತಮ್ಮ: ನಾನು ಹೇಳಿದ್ದೂ ಅದೇ! ಸರಿ, ಪೂರ್ವಿ ತೆಗೆದು ಪಶ್ಚಿಮಿ ಹಾಕಿಸುತ್ತೇನೆ, ಅದೂ ಸಿಗುತ್ತದೆ. ದೊಡ್ಡಮ್ಮನಿಗೆ 80 ದಾಟಿದೆ. ಕಚೇರಿಯವರು ಕಾಗದ ತಿರುಗಿಸುವಷ್ಟರಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು. ಭಾವ, ನೀವೇ ಹೇಳಿ, ಡ್ಯೂಟಿಯಲ್ಲಿ ಇರುವವರೂ ಕಂಟೋನ್ಮೆಂಟ್ ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳುವುದಿಲ್ವಾ?

ಹೊಸನಗರ ಭಾವ: ಕೊಳ್ಳುತ್ತಾರೆ. ನಾನೂ ಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ.

ನಾನು: ಕೊಳ್ಳಲಿ ಭಾವ. ಅವರ ಹೆಸರಲ್ಲಿ ಪದಕ ಆಗಲೇ ಮಂಜೂರಾಗಿರುತ್ತದೆ. ಅಸಲಿ ಪೆಟ್ಟಿಗೆಯಲ್ಲಿ ಇರುತ್ತದೆ, ಇಲ್ಲವೇ ಬರಬೇಕಾಗಿರುತ್ತದೆ. ಅಂಗಡಿಯದ್ದು ಯೂನಿಫಾರ್ಮಿಗೆ ಹಾಕಿಕೊಳ್ಳಲು. ನಮ್ಮ ಕಥೆ ಹಾಗಲ್ಲ. ಟ್ರಂಕಿನಲ್ಲಿ ಸಿಕ್ಕಿದ್ದು ರಕ್ಷಾ ಪದಕ ಒಂದೇ, ಬ್ರೌನ್ ಕಾಗದದ ಪೊಟ್ಟಣದಲ್ಲಿ. ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ದೊಡ್ಡಪ್ಪನ ಆರ್ಮಿ ನಂಬರು, ಸ್ಯಾಪರ್ ಅಂತ, ಆಮೇಲೆ ಹೆಸರು, ಚಿಕ್ಕ ಚಿಕ್ಕ ಅಕ್ಷರದಲ್ಲಿ ಒತ್ತಿದೆ. ಉಗುರು ಆಡಿಸಿದರೆ ಕೈಗೆ ಸಿಗುತ್ತದೆ. ಉಳಿದ ನಾಲ್ಕು ಬಂದೇ ಇಲ್ಲ. ಬುಕ್ಕಿನಲ್ಲಿ ಬರೆದಿದ್ದಾರೆ, ಕೈಗೆ ಕೊಟ್ಟಿಲ್ಲ. ಇದು ಬಾಕಿ. ಬಾಕಿಯನ್ನು ನಾವೇ ಅಂಗಡಿಯಿಂದ ತಂದು ತೀರಿಸಿಕೊಂಡರೆ ಕೊಡಬೇಕಾದವರು ಆರಾಮಾಗಿ ಕೂತಿರುತ್ತಾರೆ.

ತೀರ್ಥಹಳ್ಳಿ ಚಿಕ್ಕಪ್ಪ: ಅಣ್ಣಯ್ಯ ಬದುಕಿದ್ದಾಗಲೇ ಒಂದು ಸಲ ಬರೆದಿದ್ದ. ಯಾವ ಕಚೇರಿ ಅಂತ ಹೇಳುವುದಿಲ್ಲ. ಪದಕ ದಾಸ್ತಾನು ಇಲ್ಲ, ಬಂದಾಗ ಕಳಿಸುತ್ತೇವೆ ಅಂತ ಉತ್ತರ ಬಂತು. ಆಮೇಲೆ ಸುದ್ದಿಯೇ ಇಲ್ಲ. ಮತ್ತೆ ಬರೆ ಅಂದರೆ, "ಭಿಕ್ಷೆ ಅಲ್ಲ, ಎರಡೆರಡು ಸಲ ಕೇಳುವುದಿಲ್ಲ" ಅಂದ.

ನಾನು: ಆ ಉತ್ತರ ಇದೆಯಾ ಚಿಕ್ಕಪ್ಪ?

ತೀರ್ಥಹಳ್ಳಿ ಚಿಕ್ಕಪ್ಪ: ಹುಡುಕಬೇಕು. ಕಂದಾಯ ರಸೀದಿ ಕಟ್ಟಿನಲ್ಲಿ ಇದ್ದರೂ ಇರಬಹುದು.

ಹೊಸನಗರ ಭಾವ: ಹುಡುಕಿ, ಹುಡುಕಿ. ಅದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಈಗ ನಾನು ಹೇಳುವುದು ಸರಿಯಾಗಿ ಕೇಳಿ. ಕಾಗದ ಹೋಗಬೇಕಾದದ್ದು ಬೆಂಗಳೂರಿಗೆ, ಮದ್ರಾಸ್ ಎಂಜಿನಿಯರ್ ಗ್ರೂಪಿನ, ಅಂದರೆ ಮದ್ರಾಸ್ ಸ್ಯಾಪರ್ಸ್ ಪಡೆಯ, ರೆಕಾರ್ಡ್ಸ್ ಆಫೀಸಿಗೆ. ಡೆಲ್ಲಿಗೆ, ರಾಷ್ಟ್ರಪತಿಗೆ, ಟಿವಿಯವರಿಗೆ ಅಂತ ಹೊರಡಬೇಡಿ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿ ಮೂಲಕ ಒಂದು ಪ್ರತಿ ಹೋದರೆ ಇನ್ನೂ ಒಳ್ಳೆಯದು. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟದ ಜೆರಾಕ್ಸ್, ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ), ಮರಣ ಪ್ರಮಾಣಪತ್ರ, ದೊಡ್ಡಮ್ಮನ ಗುರುತಿನ ಚೀಟಿ ಇಡಿ. ಪಿಪಿಒ ಹಳೆಯದು ಮಾಸಿದ್ದರೆ ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ 'ಸ್ಪರ್ಶ್' ಖಾತೆಯಿಂದ ತೆಗೆಯಿರಿ. ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡುವಾಗ ಹೇಗೂ ಅದನ್ನು ತೆರೆಯುತ್ತೀರಲ್ಲ.

ಹೊಸನಗರ ಭಾವ: ಇನ್ನೊಂದು ಮುಖ್ಯ ಮಾತು. ಪದಕ 'ಕಳೆದುಹೋಗಿದೆ' ಅಂತ ಅಪ್ಪಿತಪ್ಪಿಯೂ ಬರೆಯಬೇಡಿ. ಕಳೆದಿದ್ದರೆ ಪೊಲೀಸ್ ದೂರು ಕೊಡಿ, ದುಡ್ಡು ಕಟ್ಟಿ ಎರಡನೇ ಪ್ರತಿ ತೆಗೆದುಕೊಳ್ಳಿ ಅಂತ ಬೇರೆ ದಾರಿಗೆ ಹೋಗುತ್ತದೆ. 'ಇದುವರೆಗೂ ನೀಡಿಲ್ಲ' ಅಂತ ಬರೆಯಿರಿ.

ತೀರ್ಥಹಳ್ಳಿ ಚಿಕ್ಕಪ್ಪ: ಅರ್ಜಿ ನನ್ನ ಹೆಸರಲ್ಲಿ ಹಾಕೋಣ. ಅಣ್ಣಯ್ಯನಿಗೆ ಮಕ್ಕಳಿಲ್ಲ. ತಮ್ಮ ಅಂತ ಇರುವುದು ನಾನೊಬ್ಬ. ಓಡಾಡುವವನೂ ನಾನೇ.

ಸಾಗರ ಅತ್ತೆ: ನೀನು ಮಾತ್ರ ಯಾಕೆ? ತಂಗಿ ನಾನಿಲ್ವಾ? ಗದ್ದೆ ಪಾಲಿನಲ್ಲೂ ಹೀಗೇ ಮಾಡಿದ್ದೆ.

ಬೆಂಗಳೂರು ತಮ್ಮ: ಅಪ್ಪಾ, ಅತ್ತೆ, ಗದ್ದೆ ವಿಷಯ ಬೇಡ ಪ್ಲೀಸ್ 🙏

ನಾನು: ದೊಡ್ಡಮ್ಮ ಗಟ್ಟಿಯಾಗಿದ್ದಾರೆ. ಹೆಂಡತಿ ಇರುವಾಗ ತಮ್ಮ, ತಂಗಿ, ನಾವು ಯಾರೂ ಲೆಕ್ಕಕ್ಕೆ ಬರುವುದಿಲ್ಲ. ಕುಟುಂಬ ಪಿಂಚಣಿ ಅವರ ಹೆಸರಲ್ಲಿ ಬರುತ್ತಿದೆ. ಅರ್ಜಿಯೂ ಅವರ ಹೆಸರಲ್ಲೇ. ಚಿಕ್ಕಪ್ಪ, ನಿಮ್ಮ ಹೆಸರಲ್ಲಿ ಹಾಕಿದರೆ ವಂಶವೃಕ್ಷ ತನ್ನಿ, ಎಲ್ಲರ ಒಪ್ಪಿಗೆ ತನ್ನಿ ಅಂತಾರೆ. ಆಗ ಅತ್ತೆ ಸಹಿ ಹಾಕಬೇಕಾಗುತ್ತದೆ. ಯೋಚನೆ ಮಾಡಿ.

ತೀರ್ಥಹಳ್ಳಿ ಚಿಕ್ಕಪ್ಪ: ಬೇಡ ಬೇಡ. ಅತ್ತಿಗೆ ಹೆಸರಲ್ಲೇ ಹಾಕಿ.

ಬೆಂಗಳೂರು ತಮ್ಮ: ಆಯ್ತು ಅಕ್ಕ. ಆದರೆ ಡಿಸೆಂಬರ್ 16ಕ್ಕೆ ದೊಡ್ಡಮ್ಮ ಬರಿಗೈಯಲ್ಲಿ ವೇದಿಕೆ ಮೇಲೆ ಕೂರಬೇಕಾ? ಅದಕ್ಕೆ ಉತ್ತರ ಹೇಳಿ.

ಇದು ನ್ಯಾಯವಾದ ಪ್ರಶ್ನೆ. ಇಷ್ಟು ಹೊತ್ತು ಜಗಳ ಆಡಿದ್ದರಲ್ಲಿ ತೂಕದ ಮಾತು ಅಂದರೆ ಇದೇ. ಸ್ವಲ್ಪ ಹೊತ್ತು ಯಾರೂ ಟೈಪ್ ಮಾಡಲಿಲ್ಲ.

ನಾನು: ಬರಿಗೈ ಯಾಕೆ? ಬಂದಿರುವ ಒಂದು ಪದಕ ಇದೆಯಲ್ಲ, ರಕ್ಷಾ ಪದಕ. ಅದನ್ನು ಬಲಗಡೆ ಎದೆಗೆ ಹಾಕಿಕೊಳ್ಳಲಿ. ಎಡಗಡೆ ಹಾಕುವುದು ಪದಕ ಪಡೆದವರೇ, ಮನೆಯವರು ಬಲಗಡೆ. ಡಿಸ್ಚಾರ್ಜ್ ಬುಕ್ಕಿನ ಈ ಪುಟವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಪಕ್ಕದಲ್ಲಿ ಇಡೋಣ. ಆ ಖರ್ಚು ನಿನ್ನದು. ಉಳಿದ ನಾಲ್ಕು ಇನ್ನೂ ಬಂದಿಲ್ಲ ಅಂತ ಮಕ್ಕಳಿಗೆ ನೇರವಾಗಿ ಹೇಳೋಣ. ಮುಚ್ಚಿಡುವಂಥದ್ದು ಏನಿದೆ ಅದರಲ್ಲಿ?

ಶಿವಮೊಗ್ಗ ಚಿಕ್ಕಮ್ಮ: ಇದು ಒಪ್ಪಿದೆ. ಆ ಫಾರ್ವರ್ಡ್ ಡಿಲೀಟ್ ಮಾಡುತ್ತೇನೆ, ನೆಂಟರ ಗುಂಪಿಗೂ ಹಾಕಿಬಿಟ್ಟಿದ್ದೆ.

ಅಷ್ಟರಲ್ಲಿ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಮನೆಯಲ್ಲಿ ಸಿಗ್ನಲ್ ಇಲ್ಲ. ಪಕ್ಕದ ಮನೆ ಹುಡುಗ ರೆಕಾರ್ಡ್ ಮಾಡಿಕೊಂಡು ಗುಡ್ಡ ಹತ್ತಿ ಕಳಿಸಿದ್ದ. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ.

ದೊಡ್ಡಮ್ಮ: "ಹುಡುಗ ಎಲ್ಲ ಓದಿ ಹೇಳಿದ. ಅರ್ಜಿ ಹಾಕಿ, ನಾನು ಸಹಿ ಹಾಕ್ತೀನಿ. ಆದರೆ ಒಂದು ತೊಡಕು ಉಂಟು. ಮಿಲಿಟರಿ ಪುಸ್ತಕದಲ್ಲಿ ನನ್ನ ತವರಿನ ಹೆಸರು ಬರೆದಿದ್ದಾರೆ. ಮದುವೆಯಾದಾಗ ಅತ್ತೆ ಬೇರೆ ಹೆಸರು ಇಟ್ಟರು, ಆಧಾರಿನಲ್ಲಿ ಅದೇ ಇರೋದು. ಪೆನ್ಶನ್ ಟೈಮಲ್ಲೂ ಇದೇ ರಗಳೆ ಆಗಿತ್ತು. ಮತ್ತೆ ಪದಕ ಬಂದರೆ ಜಗುಲಿಗೆ ಮೊಳೆ ಹೊಡೀಬೇಡಿ. ಮಳೆಗಾಲಕ್ಕೆ ಬೂಷ್ಟು ಹಿಡೀತದೆ. ನನ್ನ ಕೈಗೆ ಕೊಡಿ."

ಹೊಸನಗರ ಭಾವ: ಪಿಂಚಣಿ ಸಮಯದಲ್ಲಿ ಹೆಸರಿನ ಬಗ್ಗೆ ಅಫಿಡವಿಟ್ ಮಾಡಿಸಿರುತ್ತಾರೆ, ಅದರ ಪ್ರತಿ ಸಿಕ್ಕರೆ ಸಾಕು. ಇಲ್ಲದಿದ್ದರೆ ಹೊಸದು ಮಾಡಿಸಬೇಕು. ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿ.

ಬೆಂಗಳೂರು ತಮ್ಮ: ಆರ್ಡರ್ ಕ್ಯಾನ್ಸಲ್ ಮಾಡಿದೆ. ಮೊದಲೇ ಮಾಡಿಬಿಟ್ಟಿದ್ದೆ, ಹೇಳಿರಲಿಲ್ಲ 😬 ಅರ್ಜಿ ನಾನು ಟೈಪ್ ಮಾಡುತ್ತೇನೆ. ಟಪಾಲಿಗೆ ಹಾಕುವುದಿಲ್ಲ, ರೆಕಾರ್ಡ್ಸ್ ಆಫೀಸ್ ನನಗೆ ಹತ್ತಿರ, ಕೈಯಾರೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬರುತ್ತೇನೆ.

ತೀರ್ಥಹಳ್ಳಿ ಚಿಕ್ಕಪ್ಪ: ಟೈಪ್ ಮಾಡಿ ಮೊದಲು ಇಲ್ಲಿ ಹಾಕು. ನಾನು ತಿದ್ದುತ್ತೇನೆ.

ಸಾಗರ ಅತ್ತೆ: ನಾನೂ ನೋಡುತ್ತೇನೆ.

ಹೊಸನಗರ ಭಾವ: ಮೊದಲು ಕಂದಾಯ ರಸೀದಿ ಕಟ್ಟು ಬಿಚ್ಚಿ ಚಿಕ್ಕಮಾವ.